ಹೊಗೆ ಕೊಂಡವರು

ಗಿರಣಿಯಿಂದ ಜೋಳದ ಹಿಟ್ಟಿನ ಚೀಲ ತಲೆಯ ಮೇಲೆ ಹೊತ್ತು ಶಂಕ್ರಮ್ಮ ಬಂದಾಗ, ಅವಳ ಒಲೆ ಇದ್ದ ಜಾಗದಲ್ಲಿ ಮಣ್ಣಿನ ಹೆಂಟೆಗಳು ಬಿದ್ದಿದ್ದವು. ಬೂದಿ ತಗಡಿನ ಗೋಡೆಯವರೆಗೂ ಚೆಲ್ಲಿತ್ತು. ರೊಟ್ಟಿ ಹಂಚು ಬೋರಲಾಗಿತ್ತು. ಮೇಸ್ತ್ರಿ ಅಂಬಾದಾಸ ಹಾರೆ ಹಿಡಿದು ನಿಂತಿದ್ದ.

"ಯಾರು ಸತ್ತಾರಂತ ನನ್ನ ಒಲಿ ಒಡದಿ?" ಎಂದಳು ಶಂಕ್ರಮ್ಮ. ಚೀಲ ಇಳಿಸುವುದನ್ನೂ ಮರೆತಿದ್ದಳು. "ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ, ಅಷ್ಟ. ಒಡಿಯಂಗಿಲ್ಲೋ ಬಾಡ್ಯಾ!"

"ನನ್ನ ಮ್ಯಾಲ ಯಾಕ ಸಿಟ್ಟಾಗ್ತಿ? ನಾಳಿ ಫಾರಿನ್ ಸಾಹೇಬ ಬರಾಂವ ಅದಾನ. ಹಳೇ ಒಲಿ ಒಂದೂ ಕಣ್ಣಿಗೆ ಬೀಳಬಾರದಂತ ಮ್ಯಾಡಮ್ ಹೇಳ್ಯಾರ."

"ಯಾವ ಮ್ಯಾಡಮ್?"

"ನಿಮ್ಮ ಸಂಯುಕ್ತಾ ಮ್ಯಾಡಮ್. ಮತ್ಯಾರು?"

ಆ ಹೆಸರು ಕೇಳಿ ಶಂಕ್ರಮ್ಮ ಚೀಲ ಕೆಳಗಿಟ್ಟಳು. ಅಂಬಾದಾಸ ಒಡೆದಿದ್ದರೆ ಅವನ ಹಣೆಬರಹವೇ ಅಷ್ಟು ಎಂದು ಬೈದು ಸುಮ್ಮನಾಗಬಹುದಿತ್ತು. ಸಂಯುಕ್ತಾ ಒಡೆಸಿದಳು ಎಂದರೆ ಹೇಗೆ ನಂಬುವುದು?

ಆ ಒಲೆಯೇನು ಬರೀ ಮಣ್ಣೇ? ಸುರಪುರದ ಕಡೆಯಿಂದ ಗಂಡ ಲಿಂಗಣ್ಣನ ಜೊತೆ ಹೈದರಾಬಾದಿನ ಮಾದಾಪುರಕ್ಕೆ ಬಂದ ಹೊಸತರಲ್ಲಿ ಶಂಕ್ರಮ್ಮ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು. ಇಲ್ಲಿ ಬಂಡೆ ಸಿಡಿಸಿದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು, ಎದ್ದ ಕಟ್ಟಡಕ್ಕೆಲ್ಲ ಬುಟ್ಟಿ ಹೊರುವ ತಲೆ ಬೇಕಿತ್ತು. ಬುಟ್ಟಿ ಹೊರುವ ಹೆಂಗಸೆಂದರೆ ಅಂಬಾದಾಸನ ಬಾಯಿಗೂ ಸಿಗಬೇಕು, ಕೈಗೂ ಸಿಗಬೇಕು. ಒಂದು ದಿನ ಅವನು ಸೊಂಟಕ್ಕೆ ಕೈ ಹಾಕಿದಾಗ ಶಂಕ್ರಮ್ಮ ಬುಟ್ಟಿಯನ್ನು ಅವನ ಕಾಲ ಮೇಲೆಯೇ ಕವುಚಿ ಬಂದಿದ್ದಳು. ಮರುದಿನ ಶೆಡ್ಡಿನ ಮುಂದೆ ಎರಡು ಬಾಯಿಯ ಒಲೆ ಹೂಡಿ, ಸಗಣಿ ಸಾರಿಸಿ, ರೊಟ್ಟಿ ಬಡಿಯಲು ಕೂತಳು. ರಾಯಚೂರು, ಕಲಬುರ್ಗಿ ಕಡೆಯಿಂದ ಒಂಟಿಯಾಗಿ ಬಂದ ಗಂಡಸರು ಅನ್ನ ತಿಂದು ತಿಂದು ಬೇಸತ್ತಿದ್ದರು. ರೊಟ್ಟಿ, ಪುಂಡಿಪಲ್ಯ, ಖಾರ ಕಂಡು ಅವರಿಗೆ ಜೀವ ಬಂತು. ಅಂದಿನಿಂದ ಶಂಕ್ರಮ್ಮನನ್ನು 'ಏ' ಎಂದು ಕರೆಯುವ ಧೈರ್ಯ ಆ ಸೈಟಿನಲ್ಲಿ ಯಾರಿಗೂ ಇರಲಿಲ್ಲ.

ಸಂಯುಕ್ತಾ ಬಂದದ್ದು ಆಮೇಲೆ, ಹೊಸ ಒಲೆ ಹಂಚುವ ಸಂಸ್ಥೆಯ ಕೆಲಸದ ಮೇಲೆ. ಉಪ್ಪಲ್ ಕಡೆ ಮನೆ, ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ನೌಕರ, ಮೂಲ ಧಾರವಾಡದ ಕಡೆಯವರು. ದಿನವೆಲ್ಲ ತೆಲುಗು, ಹಿಂದಿ ಕೇಳಿ ಕಿವಿ ದಣಿದ ಹೆಂಗಸರ ಮುಂದೆ ಆ ಹುಡುಗಿ "ಅಕ್ಕಾ, ಆರಾಮ ಅದೀರೇನ್ರಿ?" ಎಂದಾಗ ಶಂಕ್ರಮ್ಮ ಕರಗಿಬಿಟ್ಟಿದ್ದಳು. ಬಿಸಿ ರೊಟ್ಟಿಗೆ ಬೆಣ್ಣೆ ಇಟ್ಟು ಕೊಟ್ಟಿದ್ದಳು. ಸಂಯುಕ್ತಾ ನೆಲದ ಮೇಲೆ ಕೂತು ತಿಂದು, ಜೀಪಿನಿಂದ ಉಕ್ಕಿನ ಹೊಸ ಒಲೆ ಇಳಿಸಿದಳು. ಪುಕ್ಕಟೆ. ಹೊಗೆ ಕಡಿಮೆ.

"ಪುಕ್ಕಟೆ ಯಾಕ ಕೊಡ್ತೀರವ್ವ?"

"ಅಕ್ಕಾ, ಹೊಗಿಯಿಂದ ಭೂಮಿ ಕಾಯಾಕತ್ತೈತಿ. ಅದಕ್ಕ ಎಲ್ಲಾ ದೇಶದವರೂ ಕೂಡಿ ಕುಂತು ಒಪ್ಪಂದ ಮಾಡ್ಯಾರ. ದೊಡ್ಡ ದೇಶದವರು ಹೊಗಿ ಕಮ್ಮಿ ಮಾಡ್ಬೇಕು. ಆಗಲಿಲ್ಲಂದ್ರ, ನೀವಿಲ್ಲಿ ಉಳಿಸಿದ ಹೊಗಿ ಕೊಂಡ್ಕೊಂಡ್ರೂ ನಡೀತೈತಿ. ನಿಮ್ಮವರು ಕಟ್ಟಾಕತ್ತಾರಲ್ಲ, ಈ ಗಾಜಿನ ಬಿಲ್ಡಿಂಗು, ಅದರ ಕಂಪನಿನೂ ಹೊರದೇಶದ್ದ. ಅವರೂ ಕೊಳ್ತಾರ."

ಶಂಕ್ರಮ್ಮ ರೊಟ್ಟಿ ತಿರುವಿ ಹಾಕುತ್ತ ಯೋಚಿಸಿದಳು. "ಅಂದ್ರ ಹೊಗಿ ಬಿಡಾವ್ರು ಅವರು, ಬಿಡದಂಗ ಇರಾವ್ರು ನಾವು. ಈ ಒಪ್ಪಂದ ಮಾಡೋವಾಗ ನಮ್ಮನ್ನೂ ಕರದಿದ್ರೇನು?"

ಸಂಯುಕ್ತಾ ನಕ್ಕುಬಿಟ್ಟಳು. ಶಂಕ್ರಮ್ಮನೂ ನಕ್ಕಳು. ಆದರೆ ಒಂದು ಮಾತು ಖಡಾಖಂಡಿತವಾಗಿ ಕೇಳಿದಳು. "ಇದರ ಮ್ಯಾಲ ಚಾ ಮಾಡ್ತೀನಿ, ಅನ್ನ ಮಾಡ್ತೀನಿ. ರೊಟ್ಟಿ ಆಗಂಗಿಲ್ಲ. ದೊಡ್ಡ ಹಂಚು ಕೂಡಂಗಿಲ್ಲ, ರೊಟ್ಟಿ ಉಬ್ಬಿಸಾಕ ಬಾಯಾಗ ಕೆಂಡ ಇರಂಗಿಲ್ಲ. ನನ್ನ ಒಲಿ ಇರ್ತೈತಿ, ಹೌದಿಲ್ಲೋ?"

"ಇರ್ತೈತಿ ಅಕ್ಕಾ. ನಿಮ್ಮ ಒಲಿಗೆ ಯಾರೂ ಕೈ ಹಚ್ಚಂಗಿಲ್ಲ. ನನ್ನ ಮಾತು."

ಆ ಮಾತು ನಂಬಿ ಶಂಕ್ರಮ್ಮ ಶೆಡ್ಡಿನಿಂದ ಶೆಡ್ಡಿಗೆ ಹೋಗಿ, "ನಮ್ಮ ಹುಡುಗಿ ಅದಾಳ, ಹೆಸರು ಬರಸ್ರಿ" ಎಂದು ಎಲ್ಲರನ್ನೂ ಒಪ್ಪಿಸಿದ್ದಳು.

ಈಗ ಎಲ್ಲರ ಒಲೆಗಳೂ ಪುಡಿಯಾಗಿದ್ದವು. ಪಕ್ಕದ ಶೆಡ್ಡಿನ ಸುಭದ್ರಾ ಎದುರಿಗೇ ಬಂದು ನಿಂತಳು. "ನಿನ್ನ ಮಾರಿ ನೋಡಿ ಹೆಸರು ಕೊಟ್ವಿ ಶಂಕ್ರವ್ವ. ಏನ್ ಉಡಿ ತುಂಬಿದಿ ನಮಗ?"

ಒಲೆ ಹೋದದ್ದಕ್ಕಿಂತ ಹೆಚ್ಚು ಶಂಕ್ರಮ್ಮನನ್ನು ಉರಿಸಿದ್ದು ಈ ಮಾತು. ಶೆಡ್ಡುಗಳ ಕೊನೆಯಲ್ಲಿ ಸಂಯುಕ್ತಾ ಹೊಸ ಒಲೆಗಳ ಧೂಳು ಒರೆಸಿ, ಒಂದೊಂದಕ್ಕೂ ಕುಂಕುಮ ಹಚ್ಚುತ್ತಿದ್ದಳು. ಶಂಕ್ರಮ್ಮ ನೇರ ಅಲ್ಲಿಗೇ ಹೋದಳು.

"ತಂಗಿ, ನೀ ಮಾತು ಕೊಟ್ಟಿದ್ದಿ."

ಸಂಯುಕ್ತಾ ತಲೆ ಎತ್ತಲಿಲ್ಲ. "ಉಳಿಸಿದ ಹೊಗಿ ಲೆಕ್ಕ ನೋಡಾಕ ಬರೋ ಸಾಹೇಬರು, ಹಳೇ ಒಲಿ ಕಂಡ್ರ ಪಾಸ್ ಮಾಡಂಗಿಲ್ರಿ ಅಕ್ಕಾ. ನನ್ನ ನೌಕರಿ ಹೋಗ್ತೈತಿ. ನಾಳಿ ಒಂದು ದಿನ ಖುಷಿ ಐತಿ ಅಂತ ಹೇಳಿಬಿಡ್ರಿ. ಅವರು ಹೋದ ಮ್ಯಾಲ ಮತ್ತ ಕಟ್ಟಿಕೊಳ್ರಿ."

"ಮುಂದಿನ ವರ್ಷ ಬಂದ್ರ?"

ಸಂಯುಕ್ತಾ ಕುಂಕುಮದ ಡಬ್ಬಿ ಮುಚ್ಚಿದಳು.

"ನೀ ನಮ್ಮ ಮಾತು ಆಡ್ತಿ ಅಂತ ನಂಬಿದ್ನೆವ್ವ," ಎಂದು ಶಂಕ್ರಮ್ಮ ತಿರುಗಿ ಬಂದಳು. ಅಳು ಬಂತು, ಅತ್ತಳು.

ಮರುದಿನ ಗಂಡಸರು ಬನ್ನು ತಿಂದು, ಚಹಾ ಕುಡಿದು ಕೆಲಸಕ್ಕೆ ಹತ್ತಿದರು. "ಮಧ್ಯಾಹ್ನಕ್ಕರ ರೊಟ್ಟಿ ಸಿಗತಾವೇನು ಅಕ್ಕಾ?" ಎಂದು ಒಬ್ಬ ಕೇಳಿದ. ಬೇರೆ ಸೈಟಿನ ಖಾನಾವಳಿಯವನು ಆಗಲೇ ಅವರನ್ನು ಕರೆಯತೊಡಗಿದ್ದ. ಅವರು ಅತ್ತ ಹೋದರೆಂದರೆ ಶಂಕ್ರಮ್ಮನಿಗೆ ಮತ್ತೆ ಅಂಬಾದಾಸನ ಬುಟ್ಟಿಯೇ ಗತಿ.

ಆದರೂ ಅವಳಿಗೆ ಒಂದು ಆಸೆಯಿತ್ತು. ಅಷ್ಟು ದೂರದಿಂದ ವಿಮಾನ ಹತ್ತಿ ಬರುವವನು ಸುಳ್ಳು ಕೇಳಿ ಹೋಗಲು ಬರುತ್ತಾನೆಯೇ? ನಿಜ ಹೇಳಿದರೆ ಅವನಾದರೂ ಕಿವಿಗೊಟ್ಟಾನು.

ಸಾಹೇಬ ಬಂದ. ಬಿಳಿ ಕಾರು, ಕೆಂಪು ಮುಖ, ಬೆವರು. ಒಲೆಗಳ ಫೋಟೋ ಹಿಡಿದ. ಶಂಕ್ರಮ್ಮನ ಮುಂದೆ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದ. ಹೊಸ ಒಲೆ ಹೇಗಿದೆ, ಬೇರೆ ಒಲೆ ಉಂಟೇ ಎಂದು ಕೇಳುತ್ತಿದ್ದಾರೆಂದು ಸಂಯುಕ್ತಾ ಹೇಳಿದಳು.

ಶಂಕ್ರಮ್ಮ ಕೈ ಮುಗಿದಳು. "ನನ್ನ ರೊಟ್ಟಿ ಒಲಿ ನಿನ್ನಿ ಒಡದ್ರು. ಎಲ್ಲಾರದೂ ಒಡದ್ರು. ಅದರ ಮ್ಯಾಲ ನನ್ನ ಬದುಕು ಇತ್ತು. ಹೇಳವ್ವ ಅವರಿಗೆ."

ಸಂಯುಕ್ತಾ ಇಂಗ್ಲಿಷಿನಲ್ಲಿ ಹೇಳಿದಳು. ಸಾಹೇಬನ ಮುಖ ಅರಳಿತು. "ಗುಡ್! ವೆರಿ ಗುಡ್!" ಎಂದು ಬರೆದುಕೊಂಡ.

ಶಂಕ್ರಮ್ಮ ಅವನ ನಗು ನೋಡಿದಳು. ಆಮೇಲೆ ಸಂಯುಕ್ತಾಳ ಕಡೆ ತಿರುಗಿದಳು.

"ಏನಂದಿ ಅವಗ?"

"ನೀವು ಹೇಳಿದ್ದನ್ನ ಹೇಳಿದೆ ಅಕ್ಕಾ."

"ಒಲಿ ಒಡದ್ರು ಅಂದ್ರ ಗುಡ್ ಅಂತಾನೇನು?"

ಹೆಂಗಸರೆಲ್ಲ ಕೇಳಿಸಿಕೊಂಡರು. ಗುಡ್ ಎಂದರೇನೆಂದು ಹೈದರಾಬಾದಿನಲ್ಲಿ ಬುಟ್ಟಿ ಹೊರುವವರಿಗೂ ಗೊತ್ತು.

ಶಂಕ್ರಮ್ಮ ಕಾರು ಬಂದ ದಾರಿಯ ನಟ್ಟನಡುವೆ ಮೂರು ಸಿಮೆಂಟ್ ಇಟ್ಟಿಗೆ ಇಟ್ಟಳು. ಸೆಂಟ್ರಿಂಗಿನ ಚೂರು ಕಟ್ಟಿಗೆ ತುರುಕಿ ಕಡ್ಡಿ ಗೀರಿದಳು. ಸುಭದ್ರಾ ನೋಡಿದಳು. ನಿನ್ನೆ ಬೈದವಳೇ ಇಂದು ಹಂಚು ತಂದಿಟ್ಟು, ಪಕ್ಕದಲ್ಲಿ ತನ್ನ ಮೂರು ಇಟ್ಟಿಗೆ ಹೂಡಿದಳು. ಮುದುಕಿ ಅಂಬುಬಾಯಿ ಸೊಂಟ ಹಿಡಿದುಕೊಂಡೇ ಬಂದು ಕೂತಳು. ದಾರಿಯುದ್ದಕ್ಕೂ ಒಲೆಗಳು ಹತ್ತಿಕೊಂಡವು. ಹೊಗೆ ಎದ್ದು ಗಾಜಿನ ಗೋಡೆಗೆ ಬಡಿಯಿತು.

ಅಂಬಾದಾಸ ಓಡಿ ಬಂದ. "ಶೆಡ್ ಖಾಲಿ ಮಾಡಸ್ತೀನಿ ನೋಡು!"

"ಮಾಡಸು. ಒಲಿ ಇಲ್ಲದ ಶೆಡ್ಡಿನ್ಯಾಗ ಇದ್ದು ಏನು ಮಾಡ್ಲಿ?"

ಊಟದ ಸೀಟಿ ಊದಿತು. ಗಂಡಸರು ಇಳಿದು ಬಂದು, ಹೊಗೆ ನೋಡಿ, ಹೆಂಗಸರ ಮುಖ ನೋಡಿ, ಕಾರಿನ ಸುತ್ತ ಸಾಲಾಗಿ ಕೂತರು. ಲಿಂಗಣ್ಣ ಕಟ್ಟಡದ ಹಿಂದೆ ಕಪ್ಪು ಹೊಗೆ ಕಾರುತ್ತಿದ್ದ ಡೀಸೆಲ್ ಜನರೇಟರಿನ ಕಡೆ ಕೈ ತೋರಿಸಿದ. "ಅದನ್ನ ಒಡಿಯಾಕ ಯಾವಾಗ ಬರ್ತೀರಿ ಸಾಹೇಬರ?" ಗಂಡಸರು ಗೊಳ್ಳೆಂದು ನಕ್ಕರು. ಸಾಹೇಬ ಗಾಬರಿಯಿಂದ ಸಂಯುಕ್ತಾಳನ್ನು ಏನೇನೋ ಕೇಳುತ್ತಿದ್ದ. ಅವಳು ತೊದಲುತ್ತಿದ್ದಳು.

ಕೊನೆಗೆ ಅವಳು ಶಂಕ್ರಮ್ಮನ ಬಳಿ ಬಂದು ಬಗ್ಗಿದಳು. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಸಾಹೇಬರ ವಿಮಾನಕ್ಕ ಹೊತ್ತಾಗ್ತೈತಿ. ದಾರಿ ಬಿಡಸ್ರಿ."

"ಬಿಡಸ್ತೀನಿ. ಒಲಿ ನಾವ ಒಡಕೊಂಡಿಲ್ಲ, ಯಾರು ಒಡಸಿದ್ರು ಅಂತ ಅವಗ ಹೇಳು. ನಮ್ಮೆಲ್ಲಾರ ಮುಂದ, ನಿನ್ನ ಬಾಯಿಲೆ ಹೇಳು."

ಸಂಯುಕ್ತಾ ಸಾಹೇಬನ ಕಡೆ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿ, ಕೈಗಡಿಯಾರ ನೋಡಿಕೊಂಡಳು.

"ಅವಸರ ಇಲ್ಲವ್ವ," ಎಂದಳು ಶಂಕ್ರಮ್ಮ. "ಹಿಟ್ಟು ಭಾಳ ಐತಿ." ಅವಳು ಮುಂದಿನ ರೊಟ್ಟಿ ಬಡಿಯತೊಡಗಿದಳು. ದಾರಿಯಲ್ಲಿ ಕೂತವರು ಯಾರೂ ಏಳಲಿಲ್ಲ.