ಬೆಕ್ಕಿಗೆ ಸಿಂಹದ ಗರ್ಜನೆ ಯಾಕೆ?

ನಮ್ಮ ಫೋರ್ಟ್ ಪೋರ್ಟಲ್ ಪೇಟೆಯ ಓಣಿಯಲ್ಲಿ ಒಬ್ಬರು ಕೋಳಿ ಸಾಕಿದರೆ ಸಾಕು, ತಿಂಗಳೊಳಗೆ ಎಲ್ಲರ ಹಿತ್ತಲಲ್ಲೂ ಕೋಳಿ. ಒಬ್ಬ ಹುಡುಗ ಮೋಟಾರ್ ಬೈಕ್ ಬಾಡಿಗೆಗೆ ಬಿಟ್ಟರೆ ಮಾರನೆಯ ದಿನದಿಂದ ಬೀದಿ ತುಂಬ ಬೈಕು, ಹತ್ತುವವರೇ ಇಲ್ಲ. ಕುರಿ ಹಿಂದೆ ಕುರಿ. ಯಾಕಪ್ಪಾ ಇದನ್ನೇ ಹಿಡಿದೆ ಎಂದು ಕೇಳಿ ನೋಡಿ, "ಪಕ್ಕದವನು ಮಾಡ್ತಿದ್ದಾನಲ್ಲ" ಎನ್ನುತ್ತಾರೆ. ಕೇಳಿ ಕೇಳಿ ನನಗೆ ರೋಸಿಹೋಗಿದೆ.

ಬೇರೆಯವರ ಮಾತೇಕೆ, ನಮ್ಮ ಮನೆಯದ್ದನ್ನೇ ಹೇಳುತ್ತೇನೆ. ನನ್ನ ಅಣ್ಣನ ಮಗಳು ಕೊಮುಹಂಗಿ, ಓದು ಮುಗಿಸಿ ನನ್ನ ಜೊತೆಗೇ ಇದ್ದಾಳೆ. ನಮ್ಮಲ್ಲಿ ಯಾರೂ ಯಾರನ್ನೂ ಬರೀ ಹೆಸರಿನಿಂದ ಕರೆಯುವುದಿಲ್ಲ, ಪ್ರೀತಿಯ ಹೆಸರೊಂದು ಎಲ್ಲರಿಗೂ ಇರುತ್ತದೆ. ನನ್ನದು ಅಡಿಯೇರಿ. ಅವಳದು ಅಬ್ವೋಲಿ. ಅಬ್ವೋಲಿ ಎಂದರೆ ಬೆಕ್ಕು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕಿಗೇ ಪ್ರಾಣಸಂಕಟ! ಮೊದಲು ರೋಲೆಕ್ಸ್ ಗಾಡಿ ಹಾಕಿದಳು. ಮೊಟ್ಟೆ ಹಾಕಿ ಚಪಾತಿ ಸುತ್ತಿ ಕೊಡುವುದು, ಅಷ್ಟೆ. ಪಕ್ಕದಲ್ಲೇ ಇನ್ನೂ ಮೂರು ಗಾಡಿ ಇದ್ದವು. ಆದರೆ ಇವಳ ಗಾಡಿಗೇ ಜನ ಜಾಸ್ತಿ. ನಾನೂ ಹಿಗ್ಗಿದೆ. ಆಮೇಲೆ ತಿಳಿಯಿತು, ಅರ್ಧ ಜನ "ನಾಳೆ ಕೊಡ್ತೀನಿ ಅಬ್ವೋಲಿ" ಎನ್ನುವವರು. ಆ ನಾಳೆ ಇವತ್ತಿಗೂ ಬಂದಿಲ್ಲ. ಗಾಡಿ ಮುಳುಗಿತು. ನಂತರ ಕೋಳಿ ಸಾಕಿದಳು. ಮೊಟ್ಟೆ ಇಟ್ಟದ್ದು ನಮ್ಮ ಕೋಳಿ, ತಿಂದದ್ದು ಇಡೀ ಓಣಿ.

"ಇಲ್ಲ ಅನ್ನೋಕೆ ಏನೇ ನಿಂಗೆ ರೋಗ? ಬಾಯಲ್ಲಿ ಬಾಳೆಕಾಯಿ ಇಟ್ಕೊಂಡಿದ್ದೀಯಾ?"

"ಪಾಪ ಅತ್ತೆ, ಮುಖ ನೋಡಿ ಹೇಗೆ ಇಲ್ಲ ಅನ್ನೋದು?"

"ಮುಖ ನೋಡ್ಬೇಡ! ಗೋಡೆ ನೋಡಿ ಹೇಳು!"

ಅಷ್ಟರಲ್ಲಿ ಬೆಟ್ಟದ ಮೇಲಿನ ಊರಿನಿಂದ ನನ್ನ ಅಣ್ಣ ಅಟ್ವೋಕಿಯ ಮಾತು ಬಂತು. ಕೊಲ್ಲಿ ದೇಶದಲ್ಲಿ ಮನೆಗೆಲಸ ಕೊಡಿಸುವ ದಲ್ಲಾಳಿಯೊಬ್ಬ ಸಿಕ್ಕಿದ್ದಾನೆ. ಇವಳಿಗೆ ಇಲ್ಲಿ ಏನೂ ಹತ್ತದಿದ್ದರೆ, ಕ್ರಿಸ್‌ಮಸ್ ಮುಗಿದ ಮೇಲೆ ಕಳಿಸಿಬಿಡುವುದು. ಹೋದವರೆಲ್ಲ ಕೆಟ್ಟರು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಮೊಟ್ಟೆಗೆ ಇಲ್ಲ ಅನ್ನಲಾರದ ಹುಡುಗಿ, ಗುರುತಿಲ್ಲದವರ ಮನೆಯೊಳಗೆ, ಭಾಷೆ ಬಾರದ ಊರಿನಲ್ಲಿ ಯಾವುದಕ್ಕೆ ಇಲ್ಲ ಅಂದಾಳು?

ಹೆದರಿಕೆಗೆ ನಾನೇ ಅವಳನ್ನು ಒಂದು ಭಾಷಣಕ್ಕೆ ಕಳಿಸಿದೆ. ಪೇಟೆಯ ಸಭಾಂಗಣಕ್ಕೆ ಕೋಟು ಹಾಕಿದವನೊಬ್ಬ ಬಂದಿದ್ದ. ಯುವಕರಿಗೆ ಆತ್ಮವಿಶ್ವಾಸ ತುಂಬುತ್ತಾನಂತೆ. ಮಾರನೆಯ ಬೆಳಿಗ್ಗೆ ನಾನು ಒಲೆ ಹೊತ್ತಿಸುತ್ತಿದ್ದರೆ ಒಳಗಿನಿಂದ ಕಿರುಚಾಟ.

"ನಾನು ಸಿಂಹಿಣಿ! ನಾನು ಸಿಂಹಿಣಿ!"

ಕನ್ನಡಿ ಮುಂದೆ ನಿಂತು ಕೂಗುತ್ತಿದ್ದಳು. ಹಿತ್ತಲಿನ ಕೋಳಿಗಳು ಬೆದರಿ ಬೇಲಿ ಹಾರಿದವು. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಅರಾಲಿ ಬಂದು ನಿಂತ. "ಅಬ್ವೋಲಿ, ಒಂದು ಮೊಟ್ಟೆ ಇದ್ಯಾ ತಾಯಿ?" ಸಿಂಹಿಣಿ ಹೊರಗೆ ಬಂದು ಎರಡು ಮೊಟ್ಟೆ ಕೊಟ್ಟು ಕಳಿಸಿದಳು.

ನಾನು ತಲೆ ತಲೆ ಚಚ್ಚಿಕೊಂಡೆ.

ಆವತ್ತೇ ಸಂಜೆ ಅಮೋಟಿ ಬಂದಳು. ನಮ್ಮ ಮಹಿಳಾ ಸಂಘದವಳು, ಹೊಸದಾಗಿ ಕೆಲಸ ಶುರುಮಾಡುವ ಹುಡುಗ ಹುಡುಗಿಯರಿಗೆ ದಾರಿ ಹೇಳಿಕೊಡುವವಳು. ನಾನು ಕಾಳು ಹಿತುಕುತ್ತಿದ್ದೆ. ಅವಳೂ ಒಂದು ಹಿಡಿ ಎಳೆದುಕೊಂಡು ಹಿತುಕುತ್ತ ಕೂತಳು. ನಾನು ಸಿಂಹಿಣಿಯ ಕಥೆ ಹೇಳಿದೆ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು.

"ಅಲ್ವೇ ಅಬ್ವೋಲಿ, ಬೆಕ್ಕಿಗೆ ಸಿಂಹದ ಗರ್ಜನೆ ಯಾಕೆ? ಬೆಕ್ಕಿಗೆ ಏನು ಬರುತ್ತೆ, ಏನು ಬರಲ್ಲ, ಅದು ಗೊತ್ತಾ ನಿಂಗೆ?"

"ನಂಗೆ ಏನೂ ಬರಲ್ಲ ಅಮೋಟಿ ಅಕ್ಕ."

"ಅದನ್ನ ನೀನು ಹೇಳ್ಬೇಡ, ಊರು ಹೇಳ್ಲಿ. ನಾಳೆ ಓಣಿಯೆಲ್ಲ ಸುತ್ತಿ ಬಾ. ನನ್ನ ಯಾವುದಕ್ಕೆ ಹುಡುಕ್ಕೊಂಡು ಬರ್ತೀರಿ, ನಿಜ ಹೇಳಿ ಅಂತ ಕೇಳು."

"ಥೂ, ಇದೆಂಥ ಹುಚ್ಚು ಅಮೋಟಿ?" ನನಗೆ ಸಿಟ್ಟೇ ಬಂತು. "ಮನೆ ಮನೆಗೆ ಹೋಗಿ ನಾನ್ಯಾರು ಅಂತ ಕೇಳೋದಾ? ಜನ ನಗಲ್ವಾ?"

"ಗಾಡಿ ಮುಳುಗಿದಾಗ ನಗಲಿಲ್ವಾ? ಇನ್ನೊಂದ್ಸಲ ನಗ್ಲಿ ಬಿಡು."

ಮಾರನೆಯ ದಿನ ಓಣಿ ಸುತ್ತಲು ಹೋದ ಅಬ್ವೋಲಿ ಅತ್ತು ಮುಖ ಊದಿಸಿಕೊಂಡು ಬಂದಳು. ಅಮೋಟಿ ಮೊದಲೇ ಬಂದು ಕಾಯುತ್ತಿದ್ದಳು.

"ಎಲ್ಲ ಹೆಂಗಸರೂ ಒಂದೇ ಹೇಳಿದ್ರು. ಸಂತೇಲಿ ಹೊರದೇಶದಿಂದ ಬರೋ ಹಳೇ ಬಟ್ಟೆ ಮೂಟೆ, ಆ ಬೇಲು ಬಿಚ್ಚೋವಾಗ ನನ್ನ ಕರ್ಕೊಂಡು ಹೋಗ್ತಾರಂತೆ, ನಾನು ಮುಟ್ಟಿ ಆರಿಸಿದ್ದು ಹರಿಯಲ್ವಂತೆ. ಇದೂ ಒಂದು ಕೆಲಸಾನಾ?"

"ಮತ್ತೆ ಅಳ್ತಿರೋದು ಯಾಕೆ?" ಅಮೋಟಿ ಕೇಳಿದಳು.

ಅವಳು ಅಂಗಿಯ ತೋಳಿಗೇ ಮೂಗು ಒರೆಸಿಕೊಂಡಳು. "ಅರಾಲಿ ಹೇಳಿದ… ನಿನ್ನ ಹತ್ರ ಯಾಕೆ ಬರ್ತೀನಿ ಅಂದ್ರೆ, ನೀನು ವಾಪಸ್ ಕೇಳಲ್ಲ. ಬೇರೆಯವ್ರು ಕೇಳ್ತಾರೆ ಅಂದ."

ನಾನು ಒನಕೆ ಎತ್ತಿಕೊಂಡು ಎದ್ದೆ. ಅಮೋಟಿ ನನ್ನ ಕೈ ಹಿಡಿದು ಕೂರಿಸಿದಳು.

"ಅವನು ನಾಚಿಕೆಗೆಟ್ಟವನೇ, ಆದ್ರೆ ನಿಜ ಹೇಳಿದ. ನೀನು ಇಷ್ಟು ದಿನ ಬರೀ ಬೈದೆ ಅಡಿಯೇರಿ, ಜನ ಯಾಕೆ ಬರ್ತಾರೆ ಅಂತ ಹೇಳಲಿಲ್ಲ."

ಮಾತು ಚುಚ್ಚಿತು. ಆದರೂ ಬಿಡಲಿಲ್ಲ ನಾನು. "ಹಾಗಾದ್ರೆ ಇಲ್ಲ ಅನ್ನೋದು ಕಲೀಲಿ!"

"ಕಲೀತಾಳೆ, ನಿಧಾನಕ್ಕೆ. ದಾಕ್ಷಿಣ್ಯ ಒಂದು ದಿನಕ್ಕೆ ಬಿಡೋದಲ್ಲ. ಅಲ್ಲೀವರೆಗೆ ಕೈ ಕಟ್ಟಿ ಕೂರ್ಬೇಕಾ? ಆರಿಸೋದು ಅವಳಿಗೆ ಬರುತ್ತೆ, ಇಲ್ಲ ಅನ್ನೋದು ಬರಲ್ಲ. ಬರದೇ ಇರೋ ಕೆಲ್ಸಕ್ಕೆ ಬರೋರನ್ನ ಕೂರಿಸ್ಬೇಕು. ಈ ಮನೇಲಿ ಇಲ್ಲ ಅನ್ನೋಕೆ ಬರೋರು ಯಾರಾದ್ರೂ ಇದ್ದಾರಾ?"

ಇಬ್ಬರೂ ನನ್ನನ್ನೇ ನೋಡಿದರು.

"ನನ್ನ್ಯಾಕೆ ನೋಡ್ತೀರಿ?"

ಅಬ್ವೋಲಿ ಕಣ್ಣೊರೆಸಿಕೊಂಡು ನಕ್ಕಳು. "ಅತ್ತೆ, ನೀವು ದೇವರಿಗೂ ಇಲ್ಲ ಅಂತೀರಿ!"

ಉಳಿದ ಕೋಳಿಗಳನ್ನು ಮಾರಿದೆವು. ಆ ದುಡ್ಡು ಹಿಡಿದು ಅಬ್ವೋಲಿ ನಸುಕಿನಲ್ಲೇ ನನ್ನ ಜೊತೆ ಸಂತೆಗೆ ಹೋಗಿ ಬೇಲು ಬಿಚ್ಚುವಾಗ ನಿಂತಳು. ಎಲ್ಲರೂ ಮಿನುಗುವ ರವಿಕೆಗಳಿಗೆ ಮುಗಿಬಿದ್ದರೆ ಇವಳು ಮಕ್ಕಳ ಸ್ವೆಟರುಗಳನ್ನು ಆರಿಸಿದಳು. ಹೊಲಿಗೆ ಎಳೆದು ನೋಡಿದಳು, ಕಂಕುಳಿಗೆ ಬೆರಳು ಹಾಕಿ ನೋಡಿದಳು. "ಸ್ವೆಟರ್ ಯಾರೇ ಮಾರ್ತಾರೆ? ಎಲ್ಲರೂ ರವಿಕೆ ಮಾರ್ತಿದ್ದಾರೆ" ಎಂದು ನಾನೂ ಕುರಿಯ ಹಾಗೇ ಅಂದೆ. "ಅದಕ್ಕೇ ಅತ್ತೆ. ನಮ್ಮೂರ ಚಳಿಗೆ ಶಾಲೆ ಮಕ್ಕಳು ನಡುಗ್ತಾ ಹೋಗ್ತಾರೆ, ನಾನು ದಿನಾ ನೋಡ್ತೀನಿ" ಎಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಂಗಡಿ ಎಂದರೆ ನಮ್ಮ ಜಗುಲಿಯೇ. ಒಳಗೆ ಅವಳು ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡುತ್ತಾಳೆ. ಹೊರಗೆ ನಾನು ಕೂರುತ್ತೇನೆ. ಮೊದಲ ವಾರವೇ ಅರಾಲಿ ಬಂದ. ನಾನಿಲ್ಲದ ಹೊತ್ತು ನೋಡಿಯೇ ಬಂದಿದ್ದ, ಕಳ್ಳ.

"ಅಬ್ವೋಲಿ, ಮಗೂಗೆ ಒಂದು ಸ್ವೆಟರ್ ಕೊಡು, ನಾಳೆ ಕೊಡ್ತೀನಿ."

ನಾನು ಹಿತ್ತಲಿನಿಂದ ಓಡಿಬರುವಷ್ಟರಲ್ಲಿ ಅವಳೇ ಹೇಳಿದಳು: "ಅರಾಲಿ, ನಂಗೆ ಇಲ್ಲ ಅನ್ನೋಕೆ ಬರಲ್ಲ. ಅದಕ್ಕೇ ಅತ್ತೇನ ಇಟ್ಕೊಂಡಿದ್ದೀನಿ. ಕೂತ್ಕೋ, ಬರ್ತಾರೆ."

ಅರಾಲಿ ಕೂರಲಿಲ್ಲ.

ಕ್ರಿಸ್‌ಮಸ್ ಮುಗಿಯಿತು. ಹೇಳಿದ ಹಾಗೇ ಅಣ್ಣ ದಲ್ಲಾಳಿಯನ್ನು ಕರೆದುಕೊಂಡು ಬಂದ. ಸ್ವೆಟರುಗಳನ್ನು ಕಾಲಿನಿಂದ ಸರಿಸಿ ಕೂತ. "ಇದೇನು ಅಡಿಯೇರಿ, ಓದಿದ ಹುಡುಗಿ ಚಿಂದಿ ಒಗೀತಾ ಕೂತಿದ್ದಾಳೆ? ಪಕ್ಕದೂರಿನ ಹುಡುಗೀರೆಲ್ಲ ಹೋಗ್ತಿದ್ದಾರೆ."

ಇಲ್ಲೂ ಪಕ್ಕದೂರು! ನನಗೆ ಮೈಯೆಲ್ಲ ಉರಿಯಿತು. ದಲ್ಲಾಳಿ ಅಬ್ವೋಲಿಯನ್ನು ಮೇಲಿಂದ ಕೆಳಗೆ ನೋಡಿ ನಗುತ್ತ ಹೇಳಿದ: "ಒಳ್ಳೇ ಹುಡುಗಿ ಅಂತ ಕೇಳಿದ್ದೀನಿ. ಏನು ಹೇಳಿದ್ರೂ ಹೂಂ ಅಂತಾಳಂತೆ. ಅಂಥೋರೇ ಬೇಕು ಅವರಿಗೆ."

ನಾನು ಬಾಯಿ ತೆರೆದೆ. ಅಬ್ವೋಲಿ ನನ್ನ ಭುಜ ಒತ್ತಿದಳು.

"ಅತ್ತೆ, ಇದನ್ನ ನಾನೇ ಹೇಳ್ತೀನಿ." ಕೈಯಲ್ಲಿದ್ದ ಸ್ವೆಟರ್ ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಈ ಯಜಮಾನರು ಸರಿಯಾಗೇ ಕೇಳಿದ್ದಾರೆ. ನಂಗೆ ಇಲ್ಲ ಅನ್ನೋಕೆ ಕಷ್ಟ. ಇಲ್ಲಿ ನನ್ನ ಪರವಾಗಿ ಇಲ್ಲ ಅನ್ನೋಕೆ ಅತ್ತೆ ಇದ್ದಾರೆ. ಅಲ್ಲಿ ಯಾರಿದ್ದಾರೆ? ಅದಕ್ಕೇ ನಾನು ಹೋಗಲ್ಲ."

ಅಣ್ಣ ಮಗಳ ಮುಖ ನೋಡಿದ, ಆಮೇಲೆ ದಲ್ಲಾಳಿಯ ಮುಖ ನೋಡಿದ. ಹೂಂ ಅನ್ನುವ ಹುಡುಗಿಯೇ ಬೇಕು ಎಂಬ ಮಾತು ಈಗ ಅವನ ತಲೆಗೂ ಇಳಿದಿತ್ತು. ಎದ್ದು, ತಾನೇ ಸರಿಸಿದ್ದ ಸ್ವೆಟರುಗಳನ್ನು ಮಡಿಸಿಟ್ಟ. "ನೀವು ಹೊರಡಿ" ಎಂದು ದಲ್ಲಾಳಿಗೆ ಹೇಳಿದ. ನಾನು ಒಳಗೆ ಒಲೆಯ ಮುಂದೆ ಹೋಗಿ ನಿಂತೆ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದುಕೊಳ್ಳಿ. ಒಲೆ ಹೊತ್ತಿಸಿರಲಿಲ್ಲ, ಅದು ಬೇರೆ ಮಾತು.

ಕೇಳಿ, ಓದುವ ಅಕ್ಕಂದಿರೇ, ತಮ್ಮಂದಿರೇ, ತಂಗಿಯರೇ. ಧೈರ್ಯ ಕನ್ನಡಿ ಮುಂದೆ ಕೂಗಿದರೆ ಬರುವುದಿಲ್ಲ. ಪಕ್ಕದ ಮನೆಯ ಕೋಳಿಗೂಡು ನೋಡಿದರೂ ಬರುವುದಿಲ್ಲ. ಹೊಸ ಕೆಲಸಕ್ಕೆ ಕೈ ಹಾಕುವ ಮೊದಲು ನಾಲ್ಕು ಜನರನ್ನು ಕೇಳಿ, ಯಾವುದಕ್ಕೆ ನನ್ನನ್ನು ಹುಡುಕಿಕೊಂಡು ಬರುತ್ತೀರಿ ಎಂದು. ಹೊಗಳಿದರೆ ಹಿಗ್ಗಬೇಡಿ, ಚುಚ್ಚಿದರೆ ಒನಕೆ ಎತ್ತಬೇಡಿ. ಬರುವುದನ್ನು ನೀವು ಮಾಡಿ, ಬಾರದ್ದಕ್ಕೆ ಜೊತೆಗೆ ಒಬ್ಬರನ್ನು ಹುಡುಕಿಕೊಳ್ಳಿ. ಮನೆಯಲ್ಲೇ ಒಬ್ಬ ಬೈಯುವ ಅತ್ತೆ ಇದ್ದಾಳೇನೋ ನೋಡಿ, ಆ ಬಾಯಿಯೂ ಬಂಡವಾಳವೇ.

ಏನಾದರೂ ಕೇಳುವುದಿದ್ದರೆ ನಮ್ಮ ಜಗುಲಿಗೆ ಬನ್ನಿ. ಸ್ವೆಟರ್ ಆರಿಸಿ ಕೊಡಲು ಅಬ್ವೋಲಿ ಇದ್ದಾಳೆ. ಸಾಲ ಕೇಳುವುದಾದರೆ ಬಾಗಿಲಲ್ಲೇ ನಾನಿದ್ದೇನೆ.