ತಿರುಗುವಷ್ಟರಲ್ಲಿ

ತಪ್ಪಾಗಿದ್ದರೆ ಕ್ಷಮಿಸಬೇಕು, ಯಾರು ಕ್ಷಮಿಸಬೇಕೋ, ಇದನ್ನು ತನಗೆ ತಾನೇ ಹೇಳಿಕೊಳ್ಳಲೂ ಟೀಚರಿಗೆ ಬಾಯಿ ಬರುತ್ತಿಲ್ಲ — ಎಷ್ಟು ತಗ್ಗು ಈ ಬೆಂಚು, ಮೊಣಕಾಲು ಹಲಗೆಗೆ ತಾಗುತ್ತಿದೆ, ಮಕ್ಕಳೆಲ್ಲ ಮನೆಗೆ ಹೋಗಿಯಾಯಿತು, ಚೂಟಿಯ ಜಾಗದಲ್ಲಿ ಈಗ ತಾನು, ಎದುರಿಗೆ ಕಪ್ಪುಹಲಗೆ, ಟೀಚರ ಮೇಜು, ಅಷ್ಟೇ, ಇನ್ನೇನೂ ಕಾಣುವುದಿಲ್ಲ. ಕಿವಿ ಮಂದವಿರುವ ಮಗುವನ್ನು ಮುಂದೆ ಕೂರಿಸಿ, ನಿಮ್ಮ ತುಟಿ ಕಾಣಬೇಕು ಅಂತ ಟೀಚರುಗಳ ಸಂಜೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಹಗಲೆಲ್ಲ ದುಡಿದು ಬಂದು ತೂಕಡಿಸುತ್ತಲೇ ಬರೆದುಕೊಂಡಿದ್ದಳು, ಆ ತೂಕಡಿಕೆಯಲ್ಲಿ ಮುಂದಿನ ಮಾತು ತಪ್ಪಿಹೋಯಿತೋ ಏನೋ, ಅಂತೂ ಚೂಟಿಯನ್ನು ಮುಂದೆ ಕೂರಿಸಿದಳು, ಕಪ್ಪುಹಲಗೆಗೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟಳು, ಹೆಡ್‌ಮೇಡಂ ಉಳಿದ ಟೀಚರುಗಳನ್ನು ಕರೆತಂದು, ನೋಡಿ, ಹೀಗಿರಬೇಕು ಅಂತ ತೋರಿಸಿದರು, ಲೆಕ್ಕದ ಮೇಷ್ಟ್ರು ಇನ್ನು ನಿಮ್ಮ ಬಾಯಿಗೆ ಯಾರೂ ಬೀಗ ಹಾಕೋ ಹಾಗಿಲ್ಲ ಬಿಡ್ರೀ ಅಂದು ಕಿಸಕ್ಕೆಂದರು, ತಾನೂ ಉಬ್ಬಿದ್ದಳು, ಸುಳ್ಳೇಕೆ. ಆಮೇಲೆ ಚೂಟಿ ಕೇಳಿದ್ದು, ಟೀಚರ್, ನಾನು ಹಿಂದೆ ಕೂತ್ಕೊಳ್ಲಾ, ಬೇಡ ಪುಟ್ಟ, ಅಲ್ಲಿ ನಿಂಗೆ ಕೇಳಿಸಲ್ಲ, ಮತ್ತೊಂದು ಸಲ ಕೇಳಿದ್ದು, ಹೇಳಿದ್ನಲ್ಲಮ್ಮಾ, ನಿನ್ನ ಒಳ್ಳೇದಕ್ಕೇ, ಮೂರನೇ ಸಲ ಕೇಳಲೇ ಇಲ್ಲ, ಹಠ ಇಳಿಯಿತು ಅಂದುಕೊಂಡು ತನಗೆ ಸಮಾಧಾನ ಬೇರೆ.

ಇವತ್ತು ಬಾಗಿಲಲ್ಲಿ ಅವಳ ಅಮ್ಮ, ಕೂತ್ಕೊಳ್ಳಿ ಅಂದರೂ ಕೂರಲಿಲ್ಲ, ನಾಳೆಯಿಂದ ಬರಲ್ಲ ಅಂತಾಳೆ ಟೀಚರ್, ಯಾರಾದ್ರೂ ಹೊಡೆದ್ರಾ ಅಂದ್ರೆ ಇಲ್ಲ, ಬೈದ್ರಾ ಅಂದ್ರೆ ಇಲ್ಲ, ಹಿಂದೆ ಎಲ್ಲರೂ ನಗ್ತಾರಂತೆ, ನಿನ್ನ ನೋಡಿ ನಗ್ತಾರೇನೇ ಅಂದ್ರೆ ಗೊತ್ತಿಲ್ಲಮ್ಮ, ನಾನು ತಿರುಗೋವಷ್ಟರಲ್ಲಿ ಮುಗಿದಿರುತ್ತೆ ಅಂತಾಳೆ. ಅಯ್ಯೋ, ಅವಳನ್ನು ನೋಡಿ ಅಲ್ಲ ಕಣಮ್ಮಾ, ಯಾರೋ ಏನೋ ಪೆದ್ದು ಉತ್ತರ ಹೇಳ್ತಾರೆ, ಎಲ್ಲರೂ ನಗ್ತಾರೆ — ನಾನೂ ನಗ್ತೀನಿ ಅನ್ನಹೊರಟವಳಿಗೆ ಆಗ ಹೊಳೆಯಿತು, ಚೂಟಿಯ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತ ನಗುವ ತನ್ನ ತುಟಿ, ಮಗು ಅದನ್ನೇ ಓದುತ್ತ ಕೂತಿತ್ತಲ್ಲ, ಇಡೀ ವರ್ಷ.

ಎದ್ದಳು, ಬೆಂಚು ಎಳೆದಳು, ಕರ್ರೆಂದು ಸದ್ದು, ಇನ್ನೊಂದು, ಇನ್ನೊಂದು, ಎಲ್ಲರಿಗೂ ಎಲ್ಲರ ಮುಖ ಕಾಣುವ ಹಾಗೆ ಸುತ್ತಲೂ, ಹೆಡ್‌ಮೇಡಂ ಇದೇನು ಸಂತೆ ಅಂತಾರೆ, ಅನ್ನಲಿ, ಚೂಟಿಯ ಜಾಗ ಯಾವುದು, ಇಲ್ಲಿ, ಬೇಡ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಅಲ್ಲಿ — ಮತ್ತೆ ತಾನೇ ಆರಿಸುತ್ತಿದ್ದಾಳಲ್ಲ, ಅವಳೇ ಹೇಳಲಿ, ಬಂದರೆ, ಈಗಲೇ ಅವರ ಮನೆಗೆ ಹೋಗಿ ಕೇಳಿದರೆ, ಕೇಳಿದರೂ ಮೂರನೇ ಸಲ ಬಾಯಿ ಬಿಡುತ್ತಾಳೋ ಇಲ್ಲವೋ, ಗೊತ್ತಿಲ್ಲ, ನಿಜವಾಗಿ ಗೊತ್ತಿಲ್ಲ, ಕಣ್ಣ ಮುಂದೆ ಅದೊಂದೇ, ಹಿಂದಕ್ಕೆ ತಿರುಗಿದ ಪುಟ್ಟ ಕುತ್ತಿಗೆ, ಅದರಾಚೆ ಸಾಲಾಗಿ ಮುಚ್ಚಿಕೊಂಡ ಬಾಯಿಗಳು, ಪುಟ್ಟ ಕುತ್ತಿಗೆ —