ಸಾಲಿ ಸುದ್ದಿಯ ಗಂಟು

"ಕಾಕಿ, ಅವರು ನಂಬವಲ್ರು!"

ಲಾಲಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಅದು ಧಡಕ್ಕನೆ ಬಿತ್ತು. ಎತ್ತುವ ಗೋಜಿಗೂ ಹೋಗದೆ ಬಾಗಿಲಲ್ಲೇ ಕೂತು ಬೆವರು ಒರೆಸಿಕೊಂಡ.

"ಕಾಕಾ ತೀರಿಕೊಂಡಾನ ಅಂದ್ರ ನಕ್ಕರು, ಕಾಕಿ. ಆ ಕಟ್ಟಡದ ಸೈಟಿನಾಗ ಯಮನವ್ವ ಅಂತ ಒಬ್ಬಾಕಿ ಮುದುಕಿ ಅದಾಳಲ್ಲ, ಗಾರಿ ಪುಟ್ಟಿ ಎತ್ತಿಕೊಂಡು ನನ್ನ ಹೊಡೀಲಿಕ್ಕೇ ಬಂದಳು. 'ನಿನ್ನಿ ಸಂಜೀಕ ಇಲ್ಲೇ ನಿಂತು ಪರೀಕ್ಷಾ ಸುದ್ದಿ ಹೇಳಿ ಹೋಗ್ಯಾನ, ನಿನ್ನ ಬಾಯಾಗ ಮಣ್ಣ ಬೀಳ್ಲಿ' ಅಂದಳು. 'ಅಂಥಾದ್ದೇನಾರ ಆಗಿದ್ರ ಅಂಬಾರಾಯನೇ ಬಂದು ಹೇಳ್ತಾನ, ನಡಿ' ಅಂದಳು."

ಹೇಳಿ ಮುಗಿಸಿದ ಮೇಲೆ ಆ ಮಾತಿನ ಅರ್ಥ ಅವನಿಗೇ ಹೊಳೆಯಿತು. ತಲೆ ತಗ್ಗಿಸಿದ.

ಗಂಡನ ತಲೆದೆಸೆಯಲ್ಲಿ ಕೂತಿದ್ದ ಮಾನಮ್ಮನಿಗೆ ನಗು ಬಂತು. ಇಂಥ ದಿನ ನಗು ಬರಬಾರದು, ಆದರೂ ಬಂತು. ನಸುಕಿನಲ್ಲಿ ಚಪ್ಪಲಿ ಮೆಟ್ಟಲು ಬಗ್ಗಿದವನು ಮತ್ತೆ ಮೇಲೇಳದೆ ಹೋದಾಗಿನಿಂದ ಎಲ್ಲವೂ ಅವಳಿಗೆ ದೂರದಲ್ಲೆಲ್ಲೋ ನಡೆಯುತ್ತಿರುವ ಹಾಗಿತ್ತು. ಯಾರೋ ಮೀಸಿದರು, ಯಾರೋ ಹಣೆಗೆ ವಿಭೂತಿ ಬಳಿದರು. ಅವಳ ಕಿವಿ ಮಾತ್ರ ಬೀದಿಯ ಕಡೆಗೇ ಇತ್ತು. ಇವತ್ತು ಇವರ ಸುತ್ತಾಟ ಸ್ವಲ್ಪ ದೂರದ್ದು, ಸಂಜೆಗೆ ಇವರ ಕೈಗಂಟೆಯ ಸದ್ದು ಕೇಳುತ್ತದೆ ಎಂದು ಮನಸ್ಸು ಹೇಳುತ್ತಲೇ ಇತ್ತು. ಎದುರಿಗೇ ಮಲಗಿದ್ದವನನ್ನು ಕಂಡೂ ಹೇಳುತ್ತಿತ್ತು.

"ಮೂರಕ್ಕ ಎತ್ತೋಣು, ಕಾಕಿ" ಎಂದ ಲಾಲಪ್ಪ. ತಳೇಗಾಂವದ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ, ಸುದ್ದಿ ಸಿಕ್ಕಿದ್ದೇ ಹಾಗೇ ಬಂದಿದ್ದ ಮೈದುನನ ಮಗ. ಕೆಟ್ಟವನಲ್ಲ, ದಣಿದವನು. "ಬಿಸಿಲು ಭಾಳ ಅದ. ನಾವು ಐದಾರು ಮಂದಿ ಅದೀವಲ್ಲ, ಸಾಕು."

"ಸಾಕಾಗಂಗಿಲ್ಲ" ಎಂದಳು ಮಾನಮ್ಮ. "ಹನ್ನೆರಡು ವರ್ಷ ಆ ಮಂದಿ ಮನಿಮನಿ ಬಾಗಿಲಿಗೆ ಹೋದ ಮನಶಾ. ಐದು ಮಂದಿ ಹೊತ್ತುಕೊಂಡು ಹೋದ್ರ ಕಳ್ಳತನಾ ಮಾಡಿ ಒಯ್ದಂಗ ಆಗ್ತದ. ಅವ್ರು ಬರೂ ತನಕ ನಾ ಎತ್ತಗೊಡಂಗಿಲ್ಲ."

* * *

ಅಂಬಾರಾಯನಿಗೆ ಓದಲು ಬರುತ್ತಿರಲಿಲ್ಲ. ಓದು ಬಾರದವನನ್ನು ಸಾಲಿಯ ಜವಾನನಾಗಿ ಮಾಡಿದ ಪುಣ್ಯಾತ್ಮ ಯಾರೋ ಏನೋ, ಮಾಡಿದ್ದು ಮಾತ್ರ ಒಳ್ಳೆಯ ಕೆಲಸ. ಅವನೂ ಮೊದಲು ಗಾರೆ ಕೆಲಸದವನೇ. ಕಲಬುರಗಿ ಕಡೆಯಿಂದ ಹೆಂಡತಿಯ ಕೈಹಿಡಿದು ಪುಣೆಗೆ ಬಂದು, ಮೂರನೆಯ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡು, ಎಪ್ಪತ್ತೆರಡನೆಯ ಇಸವಿಯಲ್ಲಿ ನಗರಪಾಲಿಕೆಯ ಕನ್ನಡ ಸಾಲಿಗೆ ಗಂಟೆ ಹೊಡೆಯಲು ಸೇರಿದ.

ಆಗೆಲ್ಲ ಸಾಲಿಯಿಂದ ಮನೆಗಳಿಗೆ ಚೀಟಿ ಹೋಗುತ್ತಿತ್ತು. ಇಂಥ ದಿನ ಸೂಜಿ ಹಾಕುತ್ತಾರೆ, ಇಂಥ ದಿನ ಪಾಟಿ ಕೊಡುತ್ತಾರೆ, ಇಂಥ ದಿನ ರಜೆ. ಕಟ್ಟಡ ಕಟ್ಟುವ ಜನಕ್ಕೆ ಚೀಟಿ ಓದಲು ಬರಬೇಕಲ್ಲ! ಆ ಕಾಗದವೆಲ್ಲ ಒಲೆ ಹೊತ್ತಿಸಲು ಹೋಗುತ್ತಿತ್ತು. ರಜೆಯ ದಿನ ಮಕ್ಕಳು ಸಾಲಿಯ ಮುಂದೆ ನಿಂತಿರುತ್ತಿದ್ದವು, ಸೂಜಿಯ ದಿನ ಒಂದೂ ಇರುತ್ತಿರಲಿಲ್ಲ. ಹೆಡ್‌ಮಾಸ್ತರರು ರೋಸಿಹೋಗಿ, "ಅಂಬಾರಾಯ, ನೀನೇ ಹೋಗಿ ಬಾಯಿಲೆ ಹೇಳಿ ಬಾರಪಾ" ಎಂದರು.

ಮಾಸ್ತರರು ಎರಡು ಸಲ ಓದುವುದು, ಅಂಬಾರಾಯ ಕಣ್ಣುಮುಚ್ಚಿ ಕೇಳುವುದು. ಒಂದು ಸುದ್ದಿಗೆ ಶಲ್ಯದ ಅಂಚಿನಲ್ಲಿ ಒಂದು ಗಂಟು. ಮನೆಗೆ ಬಂದು ಒಲೆಯ ಮುಂದೆ ಗಂಟು ಹಿಡಿದುಕೊಂಡು ಒಪ್ಪಿಸುತ್ತಿದ್ದ. ಮಾನಮ್ಮ ಮೂರನೆಯ ರೊಟ್ಟಿ ಬಡಿಯುವಷ್ಟರಲ್ಲಿ ಅವಳಿಗೂ ಬಾಯಿಪಾಠ ಆಗಿರುತ್ತಿತ್ತು. ತಪ್ಪಿದರೆ ಅವಳೇ ತಿದ್ದುತ್ತಿದ್ದಳು. ಆಮೇಲೆ ಹಿತ್ತಾಳೆಯ ಗಂಟೆ ಹಿಡಿದು ಹೊರಡುತ್ತಿದ್ದ. ಸೈಟು ಬದಲಾದರೆ ಗುಡಿಸಲುಗಳೂ ಬದಲಾಗುತ್ತಿದ್ದವು. ಎಲ್ಲಿಗೆ ಹೋದರೂ ಹುಡುಕಿಕೊಂಡು ಹೋಗುತ್ತಿದ್ದ.

"ಕೇಳ್ರೆಪ್ಪೋ, ಕೇಳ್ರವ್ವೋ, ಸಾಲಿ ಸುದ್ದಿ!"

ಹೇಳಿದ ಮೇಲೆ ಪ್ರತಿ ಮನೆಯವರೂ "ತಿಳೀತು" ಎನ್ನಬೇಕು. ಅನ್ನದಿದ್ದರೆ ಅಲ್ಲೇ ನಿಂತಿರುತ್ತಿದ್ದ. ರೊಟ್ಟಿ ಸೀದುಹೋಗುತ್ತದೆ ಎಂದರೂ ಬಿಡುತ್ತಿರಲಿಲ್ಲ.

ಕೊನೆಯ ಮನೆ ತನ್ನದೇ. ಹೊಸ್ತಿಲ ಹೊರಗೆ ನಿಂತು, ಗಂಟೆಯನ್ನು ಮೆಲ್ಲಗೆ ಅಲ್ಲಾಡಿಸಿ, "ಕೇಳವ್ವಾ ಮಾನಮ್ಮಾ, ಸಾಲಿ ಸುದ್ದಿ" ಎಂದು ಮೊದಲಿನಿಂದ ಶುರುಮಾಡುತ್ತಿದ್ದ.

ಮೊದಲ ಸಲ ಅವಳಿಗೆ ಸಿಟ್ಟೇ ಬಂದಿತ್ತು. "ಬರ್ರಿ ಒಳಗ, ಹುಚ್ಚು ಹಿಡದದೇನು? ನಾನೇ ಕಲಿಸಿದ ಸುದ್ದಿ ನನಗೇ ಹೇಳ್ತೀರಿ. ನಮ್ಮನ್ಯಾಗ ಸಾಲಿಗೆ ಹೋಗೋ ಕೂಸು ಯಾವದದ?"

ಮದುವೆಯಾಗಿ ಹದಿನಾಲ್ಕು ವರ್ಷ, ತೊಟ್ಟಿಲು ಕಟ್ಟಿದ್ದೇ ಇಲ್ಲ.

ಅಂಬಾರಾಯ ಹೊಸ್ತಿಲು ದಾಟಲಿಲ್ಲ. "ಇದೂ ಒಂದು ಮನೀನ, ಮಾನಮ್ಮ. ಒಂದು ಮನಿ ಉಳದ್ರೂ ಗಂಟು ಬಿಚ್ಚಂಗಿಲ್ಲ. ತಿಳೀತು ಅನ್ನು."

ಅವಳು ಅಂದಳು. ಅವನು ಶಲ್ಯದ ಅಂಚನ್ನು ಅವಳ ಕೈಗೆ ಕೊಟ್ಟ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಅವತ್ತಿನಿಂದ ಅದೇ ರೂಢಿಯಾಯಿತು.

* * *

ನಂಬದಿರುವುದನ್ನು ಆ ಜನಕ್ಕೆ ಕಲಿಸಿದವನೂ ಅಂಬಾರಾಯನೇ.

ಎಪ್ಪತ್ತಾರರ ಮಳೆಗಾಲ ಕಳೆದ ಮೇಲೆ ಒಂದು ದಿನ ಯಾರೋ ಸೈಟಿಗೆ ಓಡಿಬಂದು, ಸಾಲಿಯೊಳಗೆ ಬಾಗಿಲು ಹಾಕಿಕೊಂಡು ಮಕ್ಕಳಿಗೆ ಮುಂದೆ ಸಂತಾನವಾಗದಂತೆ ನಸಬಂದಿ ಆಪರೇಷನ್ ಮಾಡುತ್ತಿದ್ದಾರೆ ಎಂದರು. ಅಬ್ಬಬ್ಬಾ, ತುರ್ತುಪರಿಸ್ಥಿತಿಯ ಆ ವರ್ಷ ಅಂಥ ಮಾತು ಯಾರು ಹೇಳಿದರೂ ಜನ ನಂಬುತ್ತಿದ್ದರು. ಪುಟ್ಟಿ, ಸಲಿಕೆ ಬಿಸಾಕಿ ಇನ್ನೂರು ಮಂದಿ ಓಡಿದರು. ಸಾಲಿಯಲ್ಲಿ ಮಕ್ಕಳು ಮಗ್ಗಿ ಹೇಳುತ್ತ ಕೂತಿದ್ದವು. ಬಾಗಿಲು ಮುರಿದು ನುಗ್ಗಿದ ಗದ್ದಲದಲ್ಲಿ ಯಮನವ್ವನ ಮೊಮ್ಮಗಳು ಚಂದಮ್ಮ ಕಾಲಡಿ ಸಿಕ್ಕಳು. ಕೈ ಎರಡು ಕಡೆ ಮುರಿಯಿತು. ಸೊಂಟ ಮುರಿದ ಅಂಬಾರಾಯನೇ ಅವಳನ್ನು ಹೆಗಲಮೇಲೆ ಹೊತ್ತು ಆಸ್ಪತ್ರೆಗೆ ಓಡಿದ.

ಮರುದಿನ ಸೈಟಿಗೆ ಹೋದವನು ಗಂಟೆ ಹೊಡೆಯಲಿಲ್ಲ. ಸುಮ್ಮನೆ ನಡುವೆ ನಿಂತು ಅತ್ತ. ದೊಡ್ಡ ಗಂಡಸು ಹಾಗೆ ಅಳುವುದನ್ನು ಕಂಡು ಎಲ್ಲರೂ ಸುತ್ತ ಕೂಡಿದರು.

"ನನ್ನ ಬಾಯಿಲೆ ಬರೂ ತನಕ ಯಾವ ಸುದ್ದೀನೂ ನಂಬಬ್ಯಾಡ್ರಿ. ಆ ದೇವರೇ ಬಂದು ಹೇಳಿದ್ರೂ ನಂಬಬ್ಯಾಡ್ರಿ. ಅಂಬಾರಾಯ ಬಂದು ಹೇಳ್ಲಿ ಅನ್ರಿ. ತಿಳೀತೇನು?"

"ತಿಳೀತು" ಎಂದಿದ್ದರು ಎಲ್ಲರೂ. ಯಮನವ್ವ ಎಲ್ಲರಿಗಿಂತ ಜೋರಾಗಿ ಅಂದಿದ್ದಳು.

* * *

ಮಾನಮ್ಮ ಎದ್ದಳು. ಗಂಡನ ಎದೆಯ ಮೇಲಿದ್ದ ಶಲ್ಯವನ್ನು ಮೆಲ್ಲಗೆ ಎಳೆದುಕೊಂಡು ಅಂಚಿನಲ್ಲಿ ಒಂದು ಗಂಟು ಹಾಕಿದಳು. ಗೂಟದಿಂದ ಹಿತ್ತಾಳೆಯ ಗಂಟೆ ತೆಗೆದಳು.

"ಎಲ್ಲಿಗೆ, ಕಾಕಿ?" ಲಾಲಪ್ಪ ಗಾಬರಿಯಾದ. "ಹೆಣದ ಮುಂದಿಂದ ನೀ ಏಳಬಾರದು. ಮಂದಿ ಏನಂದಾರು?"

"ಮಂದಿ ಬಂದ ಮ್ಯಾಲಲ್ಲೇನೋ ಅನ್ನೋದು."

ಬಾಗಿಲ ಹೊರಗೆ ಸಾಲಿಯ ಎದುರಿನ ಚಹಾ ಹೋಟೆಲಿನ ಸಂಕಪ್ಪ ನಿಂತಿದ್ದ. ಮಂಗಳೂರು ಕಡೆಯವನು, ಅಂಬಾರಾಯನ ಹತ್ತು ವರ್ಷದ ಗೆಳೆಯ. ಭಾನುವಾರದ ವ್ಯಾಪಾರ ಬಿಟ್ಟು ಬಂದಿದ್ದ. ಅವನು ಚಪ್ಪಲಿ ಕಳಚಿ ಒಳಗೆ ಬಂದು ಮಾನಮ್ಮ ಎದ್ದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ನೀವು ಹೋಗಿ ಬನ್ನಿ, ಅಕ್ಕ. ಇವರನ್ನು ಒಬ್ಬರನ್ನೇ ಬಿಟ್ಟ ಹಾಗೆ ಆಗುವುದಿಲ್ಲ, ನಾನು ಉಂಟಲ್ಲ. ದಿನಾ ಅರ್ಧ ಗಂಟೆ ನನ್ನ ತಲೆ ತಿನ್ನುತ್ತಿದ್ದ ಮಾರಾಯ, ಇವತ್ತು ನಾನು ಮಾತಾಡ್ತೇನೆ, ಅವನು ಕೇಳಲಿ." ಅಷ್ಟು ಹೇಳಿ ಮುಖ ಅತ್ತ ತಿರುಗಿಸಿಕೊಂಡ.

ದಂಡಿನ ಕ್ಯಾಂಪಿನ ಹಿಂದಿನ ರಸ್ತೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಮಾನಮ್ಮ ಯಾವತ್ತೂ ಆ ದಾರಿಯಲ್ಲಿ ಗಂಟೆ ಹಿಡಿದು ನಡೆದವಳಲ್ಲ, ಆದರೆ ಕಾಲಿಗೆ ದಾರಿ ಗೊತ್ತಿತ್ತು. ಇಲ್ಲಿ ಹುಣಸೆಮರ, ಇಲ್ಲಿ ಮುರಿದ ನಲ್ಲಿ, ಎಲ್ಲವನ್ನೂ ಅವನು ಹೇಳಿದ್ದ. ಅವನು ಹೇಳಿದ್ದನ್ನು ಕೇಳಿ ಮನಸ್ಸಿನಲ್ಲಿ ಕಟ್ಟಿಕೊಂಡ ರಸ್ತೆಯೇ ಎದುರಿಗೆ ಬಂದು ಹಾಸಿಕೊಂಡಂತಿತ್ತು. ಹುಣಸೆಮರದ ಕೆಳಗೆ ಅವನು ದಣಿವಾರಿಸಿಕೊಳ್ಳುತ್ತಿದ್ದ ಕಲ್ಲಿತ್ತು. ಕೂರಲೋ ಬೇಡವೋ ಎಂದು ನೋಡಿ, ಒಂದು ಗಳಿಗೆ ಕೂತಳು. ಕಲ್ಲು ಬೆಚ್ಚಗಿತ್ತು.

ಕಟ್ಟಡ ಐದು ಮಾಳಿಗೆ ಏರಿತ್ತು. ಕೆಳಗೆ ತಗಡಿನ ಗುಡಿಸಲುಗಳು, ಮೇಲೆ ಬಿದಿರಿನ ಅಟ್ಟಣಿಗೆಯ ಮೇಲೆ ಜನ. ಮರಳಿನ ರಾಶಿಯ ಪಕ್ಕ ನಿಂತು ಮಾನಮ್ಮ ಗಂಟೆ ಹೊಡೆದಳು.

ಸಲಿಕೆಯ ಸದ್ದು ನಿಂತಿತು.

"ಬಂದ ನೋಡ್ರಿ ಅಂಬಾರಾಯ!" ಎರಡನೆಯ ಮಾಳಿಗೆಯಿಂದ ಯಮನವ್ವ ಕೂಗಿದಳು. "ನಾ ಹೇಳ್ಲಿಲ್ಲೇನು? ಆ ಸೈಕಲ್ಲಿನವ ಎದುರಿಗೆ ಸಿಗಲಿ, ಅವನ ನಾಲಿಗಿ ಕಿತ್ತು ಕೈಗೆ ಕೊಡ್ತೀನಿ. ಬಾರೋ ತಮ್ಮಾ, ನಿನ್ನ ಆಯುಷ್ಯ ಗಟ್ಟಿ ಅದ!"

ನಗುತ್ತಲೇ ಮೆಟ್ಟಿಲಿಳಿದು ಬಂದವಳು ಮರಳಿನ ರಾಶಿ ಬಳಸಿ ಈಚೆಗೆ ಬಂದಳು. ಗಂಟೆ ಹಿಡಿದವಳನ್ನು ನೋಡಿದಳು. ಅವಳ ಹೆಗಲ ಮೇಲಿನ ಶಲ್ಯ ನೋಡಿದಳು. ತಲೆಯ ಮೇಲಿದ್ದ ಪುಟ್ಟಿ ಇಳಿಸುವುದನ್ನೂ ಮರೆತು ನಿಂತಳು.

ಹಿಂದೆ ಜನ ಕೂಡಿದರು. ಮಕ್ಕಳು ರೂಢಿಯಂತೆ ಮುಂದೆ ಬಂದು ಕೂತವು. ಮಾನಮ್ಮ ಶಲ್ಯದ ಗಂಟನ್ನು ಗಟ್ಟಿಯಾಗಿ ಹಿಡಿದಳು. ಅಷ್ಟು ಸಾಕಾಯಿತು, ಬಾಯಿಗೆ ತಾನಾಗಿಯೇ ಅವನ ಧಾಟಿ ಬಂತು.

"ಕೇಳ್ರೆಪ್ಪೋ, ಕೇಳ್ರವ್ವೋ, ಸಾಲಿ ಸುದ್ದಿ. ನಮ್ಮ ಸಾಲಿ ಜವಾನ ಅಂಬಾರಾಯ ಇವತ್ತ ನಸುಕಿನ್ಯಾಗ ತೀರಿಕೊಂಡಾನ. ಇವತ್ತ ಸಂಜಿ ನಾಕು ಗಂಟೆಕ್ಕ ಮಣ್ಣು. ದೊಡ್ಡೋರು, ಸಣ್ಣೋರು, ಎಲ್ಲಾರೂ ಬರಬೇಕು. ಪಾಟಿ, ಪುಸ್ತಕ ತರೋದು ಬ್ಯಾಡ. ಬರಿಗೈಲೆ ಬರ್ರಿ."

"ತಿಳೀತು" ಅನ್ನುವ ತನಕ ಕದಲದ ಅವನಂತೆಯೇ ಅವಳೂ ನಿಂತಳು.

ಯಮನವ್ವ ಪುಟ್ಟಿ ಇಳಿಸಿದಳು. ಗಾರೆ ಮೆತ್ತಿದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಮತ್ತೆ ತೆಗೆದಳು. "ತಿಳೀತು, ತಂಗಿ" ಎಂದಳು. "ಹಾಳಾದ್ದು ತಿಳೀತು."

"ತಿಳೀತು" ಎಂದ ಹಿಂದೆ ನಿಂತಿದ್ದ ಗಾರೆಯವ ಫಕೀರಪ್ಪ. "ತಿಳೀತು" ಎಂದಳು ಪಕ್ಕದ ಗುಡಿಸಲಿನ ಸಾಬವ್ವ. ಗುಡಿಸಲಿನಿಂದ ಗುಡಿಸಲಿಗೆ ಆ ಮಾತು ಹೋಗುತ್ತಿರುವುದನ್ನು ಮಾನಮ್ಮ ನಿದ್ದೆಗಣ್ಣಿನಲ್ಲಿ ಕೇಳಿದ ಹಾಗೆ ಕೇಳಿದಳು. ಅವರೆಲ್ಲ ಅಳುತ್ತಿದ್ದರು. ಅವಳಿಗೆ ಮಾತ್ರ ಅಳು ಬರಲಿಲ್ಲ. ಸುದ್ದಿ ಅವರದ್ದು, ತಾನು ಹೇಳಿ ಹೋಗಲು ಬಂದವಳು ಅನ್ನಿಸುತ್ತಿತ್ತು.

* * *

ನಾಲ್ಕು ಗಂಟೆಗೆ ಕ್ಯಾಂಪಿನ ಹಿಂದಿನ ರಸ್ತೆಯಲ್ಲಿ ಹೋದವರು ಬೇರೆಯದೇ ಒಂದು ಮೆರವಣಿಗೆ ನೋಡಿದರು. ಕೈಕಾಲು ತೊಳೆಯಲೂ ನಿಲ್ಲದೆ ಬಂದ ಜನ, ಸಿಮೆಂಟು ಮೆತ್ತಿ ಬೂದಿಯ ಬಣ್ಣವಾದ ಇನ್ನೂರು ಮುನ್ನೂರು ಮಂದಿ. ಮುಂದೆ ಮಕ್ಕಳು, ಸಾಲಿಗೆ ಹೋಗುವಂತೆ ಇಬ್ಬಿಬ್ಬರು ಕೈಹಿಡಿದು. ಅವರಿಗೆ ಸಾಲು ಮಾಡಿರಿ ಎಂದು ಯಾರೂ ಹೇಳಿರಲಿಲ್ಲ. ಚಟ್ಟಕ್ಕೆ ಹೆಗಲು ಕೊಡಲು ಗಂಡಸರು ಒಬ್ಬರನ್ನೊಬ್ಬರು ತಳ್ಳಾಡಿದರು. ಲಾಲಪ್ಪನಿಗೆ ಹತ್ತಿರ ಹೋಗಲೂ ಆಗಲಿಲ್ಲ.

"ತಪ್ಪಾತ್ರೀ" ಎಂದ ಅವನು, ಪಕ್ಕದಲ್ಲಿ ನಡೆಯುತ್ತಿದ್ದ ಯಮನವ್ವನಿಗೆ, ಏನು ತಪ್ಪು ಎಂದು ತನಗೇ ಗೊತ್ತಿಲ್ಲದೆ.

"ನಿನ್ನ ತಪ್ಪೇನದಪ್ಪಾ" ಎಂದಳು ಮುದುಕಿ. "ಒಂದು ದಿನ ನಂಬದಿದ್ರ ಒಂದು ದಿನ ಹೆಚ್ಚಿಗಿ ಬದಕಿರ್ತಾನ ಅಂತ ಇತ್ತೋ ಏನೋ ನನ್ನ ಹೊಟ್ಟ್ಯಾಗ."

ಹಳ್ಳದ ದಂಡೆಯಲ್ಲಿ ಕುಣಿ ತೋಡಿತ್ತು. ಅಂಬಾರಾಯನನ್ನು ಇಳಿಸಿದರು. ಹೊದಿಸಲು ಶಲ್ಯ ಕೇಳಿದರು. ಮಾನಮ್ಮ ಹೆಗಲಿನಿಂದ ತೆಗೆದಳು, ಕೊಡಲಿಲ್ಲ.

"ಅಂಚಿನಾಗ ಗಂಟು ಅದ, ಕಾಕಿ" ಎಂದ ಲಾಲಪ್ಪ ಮೆಲ್ಲಗೆ. "ಮಣ್ಣಿಗೆ ಹೋಗೋರ ಮೈಮ್ಯಾಲೆ ಗಂಟು ಇರಬಾರದಂತ. ಕೊಡು, ಬಿಚ್ಚತೀನಿ. ಎಲ್ಲಾರಿಗೂ ಹೇಳಿ ಆತಲ್ಲ."

"ಆಗಿಲ್ಲ" ಎಂದಳು ಮಾನಮ್ಮ. "ಒಂದು ಮನಿ ಉಳದದ."

ಜನ ಮುಖಮುಖ ನೋಡಿಕೊಂಡರು. ಅವಳು ಕುಣಿಯ ಅಂಚಿನಲ್ಲಿ ಕೂತಳು. ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ್ತಿಲ ಹೊರಗೆ ನಿಂತವರು ಹೊಡೆಯುವಷ್ಟೇ ಮೆಲ್ಲಗೆ ಒಮ್ಮೆ ಅಲ್ಲಾಡಿಸಿದಳು.

"ಕೇಳವ್ವಾ ಮಾನಮ್ಮಾ" ಎಂದಳು, "ಸಾಲಿ ಸುದ್ದಿ. ಅಂಬಾರಾಯ..."

ಅಲ್ಲಿಗೆ ನಿಂತಿತು. ಮುಂಜಾನೆಯಿಂದ ದೂರದಲ್ಲಿದ್ದದ್ದೆಲ್ಲ ಒಮ್ಮೆಲೇ ಹತ್ತಿರ ಬಂತು. ಮಣ್ಣಿನ ಹಸಿ ವಾಸನೆ ಬಂತು. ಕೆಳಗೆ ಮಲಗಿದ್ದವನ ಕಾಲ ಹೆಬ್ಬೆರಳಿನಲ್ಲಿ ಕಟ್ಟಿ ಬಿಚ್ಚಿದ ದಾರದ ಗೆರೆ ಕಂಡಿತು. ಮಕ್ಕಳು ಕಾಯುತ್ತಿದ್ದವು, ದೊಡ್ಡವರೂ ಕಾಯುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ.

"ಅಂಬಾರಾಯ ತೀರಿಕೊಂಡಾನ" ಎಂದಳು. ಬಹಳ ಹೊತ್ತಿನ ಮೇಲೆ, ಬೇರೆಯದೇ ದನಿಯಲ್ಲಿ, "ತಿಳೀತ್ರಿ" ಎಂದಳು. ಆಗ ಅಳು ಬಂತು.

ಬೆವರಿಗೆ ನೆನೆದು ಗಂಟು ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಶಲ್ಯವನ್ನು ಕೆಳಗೆ ಕೊಟ್ಟಳು, ಫಕೀರಪ್ಪ ಅದನ್ನು ಹೊದಿಸಿದ. ಗಂಟಿದ್ದ ಅಂಚು ಮಾತ್ರ ಸುಕ್ಕಾಗಿ ಮೇಲೆದ್ದಿತ್ತು. ಅವನು ಅಂಗೈಯಿಂದ ಸವರಿದ, ಅದು ಮತ್ತೆ ಎದ್ದಿತು. ಇನ್ನೊಮ್ಮೆ ಸವರಿದ. "ಇರ್ಲಿ ಬಿಡಪ್ಪಾ" ಎಂದಳು ಮಾನಮ್ಮ, ಮತ್ತು ಮೊದಲ ಹಿಡಿ ಮಣ್ಣನ್ನು ಆ ಅಂಚಿನ ಮೇಲೆ ಹಾಕಿದಳು.